ಸಹಾಯ ಬೇಕು: ಭಯಕ್ಕೆ ಎದೆಬಡಿತ ಏರೋದು ಯಾವ ಶಾಖೆಗೆ ಸೇರುತ್ತೆ?

ಶರೀರಕ್ರಿಯಾಶಾಸ್ತ್ರದ ಶಾಖೆಗಳ ಬಗ್ಗೆ ನೋಟ್ಸ್ ಬರೀತಾ ಒಂದು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ. ಜೀವಕೋಶ, ನರ, ಉಸಿರಾಟ, ಮೂತ್ರಪಿಂಡ, ಇಲ್ಲಿವರೆಗೂ ತೊಂದರೆ ಇಲ್ಲ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಬಡಿಯೋ ಹೃದಯ ಹೆದರಿದ ತಕ್ಷಣ ಓಡೋಕೆ ಶುರು ಮಾಡುತ್ತಲ್ಲ, ಅದನ್ನ ಎಲ್ಲಿ ಬರೀಲಿ? ಅಪಾಯ ಬಂದಾಗ ದೇಹವನ್ನ ಸಜ್ಜು ಮಾಡೋ ಸಿಂಪಥೆಟಿಕ್ ನರಗಳ ತುದಿಯಿಂದ ಸಂದೇಶ ಒಯ್ಯೋ ರಾಸಾಯನಿಕ ನಾರ್‌ಅಡ್ರಿನಲಿನ್ ಬರುತ್ತೆ, ಅಡ್ರಿನಲ್ ಗ್ರಂಥಿಯಿಂದ ರಕ್ತದ ಮೂಲಕ ಅಡ್ರಿನಲಿನ್ ಅನ್ನೋ ಹಾರ್ಮೋನ್ ಬರುತ್ತೆ. ಎರಡೂ ಹೃದಯದ ಅದೇ ಬೀಟಾ-1 ಗ್ರಾಹಕಗಳ (ಸಂದೇಶ ಹಿಡಿಯೋ ಪ್ರೋಟೀನ್‌ಗಳ) ಮೇಲೆ ಕೆಲಸ ಮಾಡ್ತವೆ! ಎರಡು ಪಠ್ಯಪುಸ್ತಕ ತಿರುವಿ ಹಾಕಿದೆ. ಒಂದರಲ್ಲಿ ಹೃದಯದ ಅಧ್ಯಾಯದಲ್ಲಿದೆ, ಇನ್ನೊಂದರಲ್ಲಿ ಹಾರ್ಮೋನಿನ ಅಧ್ಯಾಯದಲ್ಲಿ. ಓದಿದಷ್ಟೂ ಗೊಂದಲ ಜಾಸ್ತಿಯಾಗ್ತಿದೆ.

ಶಾಖೆ ತೀರ್ಮಾನ ಮಾಡೋದು ಕೆಲಸ ನಡೆಯೋ ಅಂಗ ನೋಡಿಯಾ, ಇಲ್ಲ ಸಂದೇಶ ಬರೋ ದಾರಿ ನೋಡಿಯಾ? ಪರೀಕ್ಷೆಯಲ್ಲಿ ಈ ಉದಾಹರಣೆಯನ್ನ ಯಾವ ಶಾಖೆ ಕೆಳಗೆ ಬರೆದರೆ ಸರಿ? ತಿಳಿದವರು ಕಾರಣ ಸಮೇತ ಹೇಳಿ, ದಯವಿಟ್ಟು.