‘ರಿಲ್ಯಾಕ್ಸೇಶನ್’ಗೆ ‘ವಿಶ್ರಾಂತಿ’ ಸಲ್ಲುತ್ತದೆಯೇ?

ಪದಚರ್ಚೆಯ ಮಿತ್ರರಿಗೆ ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ವಾಕರಿಕೆ, ಆತಂಕ, ನಿದ್ರೆಗೇಡಿನಂತಹ ಅಡ್ಡಪರಿಣಾಮಗಳನ್ನು ತಗ್ಗಿಸಲು ಔಷಧದ ಜೊತೆಗೆ ಕಲಿಸುವ ‘ರಿಲ್ಯಾಕ್ಸೇಶನ್’ ವಿಧಾನಗಳಿಗೆ ಸರಿಯಾದ ಹೆಸರು ಬೇಕಾಗಿದೆ. ಇವು ಗಡ್ಡೆಯನ್ನು ಕರಗಿಸುವುದಿಲ್ಲ, ಸಂಕಟವನ್ನು ಕಡಿಮೆ ಮಾಡುತ್ತವೆ ಅಷ್ಟೇ. ಹೆಸರು ಅದಕ್ಕಿಂತ ಹೆಚ್ಚಿನ ಆಸೆ ಹುಟ್ಟಿಸಬಾರದು.

‘ವಿಶ್ರಾಂತಿ ತಂತ್ರ’ ಎಂಬ ರೂಢಿಯ ಪದ ನನಗೆ ಒಪ್ಪಿಗೆಯಿಲ್ಲ. ವಿಶ್ರಾಂತಿ ಎಂದರೆ ಕೆಲಸ ಬಿಟ್ಟು ಮಲಗುವುದು. ಚಿಕಿತ್ಸೆಯಿಂದ ಬಳಲಿದವರು ಹೇಗೂ ಹಾಸಿಗೆ ಹಿಡಿದಿರುತ್ತಾರೆ. ಆ ಬಳಲಿಕೆಗೆ ಸದಾ ಮಲಗಿರುವುದಕ್ಕಿಂತ ಕೈಲಾದಷ್ಟು ನಡೆದಾಡುವುದೇ ಹಿತವೆಂದು ವೈದ್ಯರು ಹೇಳುತ್ತಾರೆ. ಇಲ್ಲಿ ಹೇಳಹೊರಟಿರುವುದು ಮಾಡಿ ಕಲಿಯಬೇಕಾದ ಅಭ್ಯಾಸ. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯ 1929ರ ತನ್ನ ಪುಸ್ತಕದಲ್ಲಿ ವಿವರಿಸಿದ ವಿಧಾನದಿಂದ ಬೆಳೆದುಬಂದದ್ದನ್ನೇ ನೋಡಿ: ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿದು ಒಮ್ಮೆಗೇ ಬಿಡಬೇಕು, ಬೆರಳುಗಳಿಂದ ಬಿಗಿ ಇಳಿಯುವುದನ್ನು ಗಮನಿಸಬೇಕು. ಆಮೇಲೆ ತೋಳು, ಭುಜ, ದವಡೆ, ಹೊಟ್ಟೆ, ಕಾಲು. ಶಸ್ತ್ರಚಿಕಿತ್ಸೆಯ ಗಾಯ ಮಾಯದ ಕಡೆ, ಮೂಳೆಗೆ ರೋಗ ಹರಡಿರುವ ಕಡೆ ಬಿಗಿಹಿಡಿಯುವಂತಿಲ್ಲ; ವೈದ್ಯರನ್ನು ಕೇಳಿಯೇ ಮಾಡಬೇಕು.

ಯೋಗದ ತರಗತಿಗಳಲ್ಲಿ ‘ಶಿಥಿಲೀಕರಣ’ ಬಳಕೆಯಲ್ಲಿದೆ. ಛಂದಸ್ಸು ಓದಿದವರಿಗೆ ‘ಶಿಥಿಲದ್ವಿತ್ವ’ ನೆನಪಾಗಿ, ಒತ್ತಕ್ಷರವನ್ನು ತೇಲಿಸಿ ನುಡಿಯುವ ಆ ಸಡಿಲತನ ಇಲ್ಲಿಗೆ ಒಪ್ಪುತ್ತದೆ ಎನ್ನಿಸೀತು. ನನಗೂ ಆ ಮೋಹವಿದೆ. ಆದರೆ ದಿನಪತ್ರಿಕೆಯಲ್ಲಿ ಶಿಥಿಲವಾಗುವುದು ಸೇತುವೆ ಮತ್ತು ಕಟ್ಟಡ. ಮೈ ಸೋತಿರುವ ರೋಗಿಯ ಮುಂದೆ ಆ ಮಾತನ್ನು ಇಡಲು ಮನಸ್ಸು ಬಾರದು. ‘ಸಡಿಲಿಕೆ’ ನಿಯಮಗಳ ಪಾಲಾಗಿದೆ. ಸದ್ಯಕ್ಕೆ ‘ಮೈ ಸಡಿಲಿಸುವ ಅಭ್ಯಾಸ’ ಎಂದು ಬರೆದಿದ್ದೇನೆ. ಕ್ರಿಯಾಪದವಿರುವುದರಿಂದ ಏನೋ ಮಾಡಬೇಕಾಗಿದೆ ಎಂಬುದು ಓದುಗರಿಗೆ ತಿಳಿಯುತ್ತದೆ. ಉಸಿರಾಟದ ಅಭ್ಯಾಸಕ್ಕೂ, ಹಿತವಾದ ನೋಟವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಕಲ್ಪನಾಭ್ಯಾಸಕ್ಕೂ ಇದೇ ಹೆಸರು ಹೊಂದುತ್ತದೆಯೇ?

ಇನ್ನೊಂದು ಪದವೂ ಬೇಕು. ಕೆಲವು ಸುತ್ತು ಕಿಮೊಥೆರಪಿ ಆದವರಲ್ಲಿ ಕೆಲವರಿಗೆ ಮುಂದಿನ ಸುತ್ತಿಗೆ ಬಂದಾಗ, ಔಷಧ ಮೈ ಸೇರುವ ಮೊದಲೇ, ಆಸ್ಪತ್ರೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ವಾಂತಿ ತಡೆಯುವ ಮಾತ್ರೆಗಳು ಒಮ್ಮೆ ಬೇರೂರಿದ ಈ ವಾಕರಿಕೆಗೆ ಅಷ್ಟಾಗಿ ಬಗ್ಗುವುದಿಲ್ಲ. ಮೇಲಿನ ಅಭ್ಯಾಸಗಳು ಹೆಚ್ಚು ನೆರವಾಗುವುದು ಇಲ್ಲಿಯೇ. ‘ನಿರೀಕ್ಷಿತ ವಾಕರಿಕೆ’ ಎಂದರೆ ಬರಬಹುದೆಂದು ಎಣಿಸಿದ ವಾಕರಿಕೆ ಎಂದಾಗುತ್ತದೆ, ಅರ್ಥ ತಪ್ಪುತ್ತದೆ. ‘ಮುಂಚಿನ ವಾಕರಿಕೆ’ ಹಿಂದೆ ಆಗಿಹೋದದ್ದು ಎನ್ನಿಸುತ್ತದೆ. ‘ಮುಂಗಡ ವಾಕರಿಕೆ’ ಎನ್ನಬಹುದೇ? ಅಥವಾ ‘ಮುಂಗಡ’ ಎಂದೊಡನೆ ಹಣವೇ ನೆನಪಾಗುತ್ತದೆಯೇ? ರೋಗಿಗಳ ಬಾಯಲ್ಲಿ ಇದಕ್ಕೊಂದು ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ, ಅದನ್ನೇ ಬಳಸುತ್ತೇನೆ.