ಅರ್ಧ ಬ್ರಷ್ಷಿನ ನೌಕರಿ

ನಾಗಣ್ಣ ಅಂಗಡಿಗೆ ಬಂದಾಗ ಅವನ ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಪೂರ್ತಿ ಬ್ರಷ್ ಅಲ್ಲ. ತಲೆ ಇತ್ತು, ಕತ್ತು ಇತ್ತು, ಅಲ್ಲಿಗೆ ಮುಗಿಯಿತು. ಹಿಡಿಯನ್ನು ಯಾರೋ ಗರಗಸ ಹಾಕಿ ಕೊಯ್ದಿದ್ದರು.

"ನೋಡಿ, ನನ್ನ ಮಗ ಹಿಡಿದಿರುವ ಹೊಸ ನೌಕರಿ," ಎಂದ.

ಆಷಾಢದ ಸಂಜೆ. ಚಿಕ್ಕಮಗಳೂರಿಗೆ ನಾಲ್ಕು ದಿನದಿಂದ ಜಡಿ ಹಿಡಿದಿತ್ತು. ಮುಳ್ಳಯ್ಯನಗಿರಿ ಇದ್ದ ಕಡೆ ಬರೀ ಮೋಡ. ಕಾಫಿಪುಡಿ ಅಂಗಡಿಯ ಜಗಲಿಯ ಮೇಲೆ ನಾವು ಮಾಮೂಲಿ ಗಿರಾಕಿಗಳು ಕೂತಿದ್ದೆವು. ಗಿರಾಕಿಗಳು ಅನ್ನುವುದು ನಮ್ಮ ಮರ್ಯಾದೆಗೆ. ಸಾವುಕಾರರ ಪ್ರಕಾರ ನಾವು ಬೆಂಚು ಸವೆಸುವವರು. ನಾನು, ಭೂಗೋಳ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು, ಮತ್ತು ಮೂಲೆಯಲ್ಲಿ ಕಾಡಿನ ವಾಚರ್ ಆಗಿದ್ದ ತಿಮ್ಮಣ್ಣ. ತಿಮ್ಮಣ್ಣ ಮಾತಾಡುವುದು ಕಡಿಮೆ. ಬಾಯಲ್ಲಿ ಎಲೆಯಡಿಕೆ ಇದ್ದರೆ ಮಾತು ಎಲ್ಲಿಂದ ಬರಬೇಕು?

"ಬ್ರಷ್ ಕತ್ತರಿಸುವ ನೌಕರಿಯಾ?" ಎಂದೆ.

"ನಡೆಯುವ ನೌಕರಿ! ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ಇನ್ನು ಮೇಲೆ ದೂರ ದೂರ ನಡೆಯುತ್ತಾನಂತೆ. ನಡೆದೂ ನಡೆದೂ ಪಶ್ಚಿಮ ಘಟ್ಟ ಉಳಿಸುತ್ತಾನಂತೆ. ನಡೆಯುವುದೂ ಒಂದು ಕೆಲಸವಾ? ನಮ್ಮ ಬೀದಿ ನಾಯಿಯೂ ನಡೆಯುತ್ತದೆ. ಅದಕ್ಕೆ ಯಾರು ಸಂಬಳ ಕೊಟ್ಟರು?"

ಅಷ್ಟರಲ್ಲಿ ಹುಡುಗನೇ ಬಂದ. ಬೆನ್ನಿಗೆ ಚೀಲ, ಮುಖದಲ್ಲಿ ಅಪ್ಪನಿಗೆ ಇಲ್ಲದ ನೆಮ್ಮದಿ. ಸಾವುಕಾರರನ್ನು ಕೇಳಿದ: "ಅಂಕಲ್, ಸ್ವಲ್ಪ ತಕ್ಕಡಿ ಕೊಡ್ತೀರಾ?"

ಕಾಫಿಪುಡಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಅದು. ಅದರ ಮೇಲೆ ಒಂದೊಂದೇ ಸಾಮಾನು ಇಡುತ್ತಾ ಹೋದ. ಟೆಂಟ್ 980 ಗ್ರಾಂ. ಮಲಗುವ ಚೀಲ 850. ಮಳೆ ಜಾಕೆಟ್ 240. ಪ್ರತಿ ಸಲವೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ. ಕಡೆಗೆ ಜೇಬಿನಿಂದ ಬ್ರಷ್ಷಿನ ಹಿಡಿ ತೆಗೆದು ಇಟ್ಟ. 6 ಗ್ರಾಂ.

"ನೋಡಿದಿರಾ, ಇಷ್ಟು ಉಳಿಯಿತು," ಎಂದ ಹೆಮ್ಮೆಯಿಂದ.

"ಇವತ್ತು ಬೆಳಿಗ್ಗೆ ಒಂಬತ್ತು ಇಡ್ಲಿ ತಿಂದೆಯಲ್ಲಪ್ಪ, ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀ?" ಎಂದ ನಾಗಣ್ಣ. "ಅದೂ ಇರಲಿ, ಕತ್ತರಿಸಿದ್ದು ನನ್ನ ಬ್ರಷ್ಷು!"

ದೂರ ನಡೆಯುವವರಿಗೆ ತೂಕ ಅಂದರೆ ಸಾಲ ಇದ್ದ ಹಾಗಂತೆ. ಹೊತ್ತಷ್ಟೂ ಬಡ್ಡಿ ಬೆಳೆಯುತ್ತದೆ. ಅಮೆರಿಕದಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ, ಸುಮಾರು 3,500 ಕಿಲೋಮೀಟರ್, 14 ರಾಜ್ಯ ದಾಟುತ್ತದೆ ಎಂದ ಹುಡುಗ. ಒಂದೇ ಉಸಿರಿಗೆ ನಡೆಯುವವರಿಗೆ ಐದರಿಂದ ಏಳು ತಿಂಗಳು ಬೇಕು. ಹೊರಟ ನಾಲ್ವರಲ್ಲಿ ಒಬ್ಬ ಕೊನೆ ಮುಟ್ಟಿದರೆ ಹೆಚ್ಚು.

"ಉಳಿದ ಮೂವರು?" ಎಂದೆ.

"ಮನೆಗೆ ಬರುತ್ತಾರೆ."

"ಅವರೇ ಬುದ್ಧಿವಂತರು," ಎಂದ ನಾಗಣ್ಣ.

ಮೇಷ್ಟ್ರಿಗೆ ಅಷ್ಟು ಹೊತ್ತಿಗೆ ಹುಮ್ಮಸ್ಸು ಬಂದಿತ್ತು. ಭೂಗೋಳದ ಮೇಷ್ಟ್ರಿಗೆ ಬೇರೆ ದೇಶದ ಬೆಟ್ಟ ಸಿಕ್ಕಿದರೆ ನೆಂಟರು ಸಿಕ್ಕಿದ ಹಾಗೆ. "ಆ ದಾರಿಯಲ್ಲಿ ಒಬ್ಬ ಅಜ್ಜಿ ನಡೆದಿದ್ದಳು. ಎಮ್ಮಾ ಗೇಟ್‌ವುಡ್. 1955ರಲ್ಲಿ. ಆಗ ವಯಸ್ಸು 67. ಹನ್ನೊಂದು ಮಕ್ಕಳ ತಾಯಿ! ಮನೆಯಲ್ಲಿ ಸುಮ್ನೆ ವಾಕಿಂಗ್ ಹೋಗಿ ಬರ್ತೀನಿ ಅಂತ ಹೇಳಿ ಹೊರಟಳು. ಟೆಂಟ್ ಇಲ್ಲ, ಬೂಟ್ ಇಲ್ಲ. ಕ್ಯಾನ್ವಾಸ್ ಶೂ, ತಾನೇ ಹೊಲಿದ ಬಟ್ಟೆ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಅಷ್ಟರಲ್ಲೇ ಪೂರ್ತಿ ನಡೆದು ಮುಗಿಸಿದಳು. ಒಬ್ಬಳೇ ಹಾಗೆ ನಡೆದ ಮೊದಲ ಹೆಂಗಸು. ಆಮೇಲೆ ಇನ್ನೂ ಎರಡು ಸಲ ಮುಗಿಸಿದಳು."

"ಹನ್ನೊಂದು ಮಕ್ಕಳು ಅಂದಿರಲ್ಲ," ಎಂದರು ಸಾವುಕಾರರು ಪುಡಿ ಕಟ್ಟುತ್ತಾ. "ನಾನಾಗಿದ್ದರೆ ವಾಪಸ್ಸೇ ಬರುತ್ತಿರಲಿಲ್ಲ."

"ತಮಾಷೆ ಆಮೇಲೆ. ಮುಖ್ಯವಾದದ್ದು ಏನು ಗೊತ್ತಾ? ದಾರಿ ಕೆಟ್ಟಿದೆ, ಮರ ಅಡ್ಡ ಬಿದ್ದಿದೆ, ತಂಗುವ ಕಡೆ ಸೂರಿಲ್ಲ ಅಂತ ಅಜ್ಜಿ ಸಿಕ್ಕ ಸಿಕ್ಕ ಪತ್ರಿಕೆಯವರ ಹತ್ತಿರ ಬೈದಳು. ಬೈದದ್ದಕ್ಕೆ ಊರಿಗೆಲ್ಲ ಆ ದಾರಿಯ ನೆನಪಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಕಾಲುದಾರಿಗಳಿಗೇ ಅಂತ ಒಂದು ಕಾಯಿದೆ ಮಾಡಿತು."

"ನಮ್ಮಲ್ಲಿ ಕಾರು ಓಡುವ ರಸ್ತೆಗೇ ಗತಿ ಇಲ್ಲ," ಎಂದೆ. ಇದು ಹೊಟ್ಟೆಯುರಿಯ ಮಾತು. ಹಿಂದಿನ ವಾರ ಗುಂಡಿಯೊಂದಕ್ಕೆ ನನ್ನ ಸ್ಕೂಟರ್ ಮುಂದಿನ ಚಕ್ರವನ್ನು ಅರ್ಪಿಸಿ ಬಂದಿದ್ದೆ.

ನಾಗಣ್ಣ ಮೂಲ ಪ್ರಶ್ನೆಗೆ ಬಂದ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ನಡೆದು ಉಣ್ಣುವವನಿಗೆ ಹೊನ್ನು ಯಾರು ಕೊಡುತ್ತಾರೆ?"

ಹುಡುಗ ಬೆರಳು ಮಡಚಿದ. ಕೆಲವರು ಗೈಡ್ ಆಗುತ್ತಾರೆ. ಕೆಲವರು ಪುಸ್ತಕ ಬರೆಯುತ್ತಾರೆ, ಭಾಷಣ ಮಾಡುತ್ತಾರೆ. ಶೂ ಕಂಪನಿಯವರು ಪುಕ್ಕಟೆ ಶೂ ಕೊಡುತ್ತಾರೆ. ದಾರಿ ರಿಪೇರಿಗೆ ಅಂತ ಸೀಸನ್‌ಗೆ ಜನ ತಗೊಳ್ಳುತ್ತಾರೆ. ಪರಿಸರ ಸಂಸ್ಥೆಗಳಲ್ಲಿ ಕೆಲಸ ಸಿಗುತ್ತದೆ. ಉಳಿದ ಸಮಯದಲ್ಲಿ ಹೋಟೆಲಲ್ಲಿ ತಟ್ಟೆ ತೊಳೆದು ದುಡ್ಡು ಕೂಡಿಸುವವರೂ ಉಂಟು.

"ತಟ್ಟೆ ತೊಳೆಯುವುದಕ್ಕೆ ಇಂಜಿನಿಯರಿಂಗ್ ಓದಿಸಿದೆನಾ ನಾನು?"

"ಅಮೆರಿಕದಲ್ಲಿ ಕಾಡು ಉಳಿಸಿ ಅಂತ ಬರೆದ ಜಾನ್ ಮ್ಯೂರ್ ಕೂಡ ಮೊದಲು ಕಾರ್ಖಾನೆಯಲ್ಲೇ ಇದ್ದ, ಅಪ್ಪ. ಉಪಕರಣ ಚುಚ್ಚಿ ಕಣ್ಣು ಹೋಗುವುದರಲ್ಲಿತ್ತು. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿದ್ದ. ಕಣ್ಣು ಬಂದ ಮೇಲೆ ಕೆಲಸಕ್ಕೆ ನಮಸ್ಕಾರ ಹಾಕಿ, 1867ರಲ್ಲಿ ಫ್ಲೋರಿಡಾದ ತನಕ 1,600 ಕಿಲೋಮೀಟರ್ ನಡೆದ. 1890ರಲ್ಲಿ ಯೋಸೆಮಿಟಿ ನ್ಯಾಷನಲ್ ಪಾರ್ಕ್ ಆಗಿದ್ದಕ್ಕೆ ಅವನ ಬರವಣಿಗೆಯೂ ಕಾರಣ. 1892ರಲ್ಲಿ ಸಿಯೆರಾ ಕ್ಲಬ್ ಅಂತ ಪರಿಸರ ಸಂಘ ಕಟ್ಟಿದ. ನನಗೂ ಲ್ಯಾಪ್‌ಟಾಪ್ ನೋಡಿ ನೋಡಿ ಕಣ್ಣು ಉರಿ."

"ಕಣ್ಣುರಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಫ್ಲೋರಿಡಾಕ್ಕೆ ನಡೆಯುವುದಿಲ್ಲ."

ಇಲ್ಲಿ ಸಾವುಕಾರರು ಒಂದು ಒಳ್ಳೆಯ ಮಾತು ಹೇಳಿದರು. ನಡೆಯುವುದೇನು ಹೊಸದಾ? ಶಿವರಾತ್ರಿಗೆ ಸಾವಿರಾರು ಜನ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತಾರಲ್ಲ. ಬೆಂಗಳೂರಿಂದ, ಹಾಸನದಿಂದ. ದಾರಿಯುದ್ದಕ್ಕೂ ಜನ ಮಜ್ಜಿಗೆ ಕೊಡುತ್ತಾರೆ, ಪಾನಕ, ಕಲ್ಲಂಗಡಿ ಕೊಡುತ್ತಾರೆ. ಮೂಡಿಗೆರೆ ಕಡೆ ಒಬ್ಬರು ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದರಂತೆ. ಆ ಸುಖಕ್ಕಾಗಿ ಸಾವುಕಾರರು ಮರುವರ್ಷವೂ ಹೋಗಿ ಬಂದರು.

ಹುಡುಗ ಬೆಂಚಿನಿಂದ ಎದ್ದೇ ಬಿಟ್ಟ. "ಅದಕ್ಕೇ ಅಲ್ಲಿ ಟ್ರೇಲ್ ಮ್ಯಾಜಿಕ್ ಅನ್ನುತ್ತಾರೆ! ಗುರುತಿಲ್ಲದವರು ದಾರಿಯಲ್ಲಿ ತಿಂಡಿ ಇಟ್ಟು ಹೋಗುತ್ತಾರೆ."

"ನಾವು ಅದಕ್ಕೆ ಪುಣ್ಯ ಅನ್ನುತ್ತೇವೆ," ಎಂದರು ಸಾವುಕಾರರು. "ಆದರೆ ಪುಣ್ಯ ಕುಡಿದು ಲೋಟ ಎಸೆಯುತ್ತಾರೆ ನೋಡು, ಅದು ಯಾವ ಲೆಕ್ಕಕ್ಕೆ ಅಂತ ಗೊತ್ತಿಲ್ಲ. ಶಿವರಾತ್ರಿ ಮುಗಿದ ಮೇಲೆ ಘಾಟಿಯಲ್ಲಿ ಹುಡುಗರು ಗೋಣಿಚೀಲ ಹಿಡಿದು ಪ್ಲಾಸ್ಟಿಕ್ ಆರಿಸುತ್ತಾ ಕೂರಬೇಕು."

ನನ್ನ ಕಥೆಯನ್ನೂ ಹೇಳಬೇಕಾಯಿತು. ಹಿಂದಿನ ವರ್ಷ ಬಲ್ಲಾಳರಾಯನ ದುರ್ಗಕ್ಕೆ ಹೋಗಿದ್ದೆ. ಹೊಸ ಶೂ. ಅರ್ಧ ದಾರಿಗೆ ಬಲಗಾಲಿನ ಅಟ್ಟೆ ಮೊಸಳೆಯ ಹಾಗೆ ಬಾಯಿ ಬಿಟ್ಟಿತು. ಆ ಬಾಯಿಯೊಳಗೆ ಇಂಬಳಗಳು ಬಾಡಿಗೆಗೆ ಬಂದವು. ಹುಲ್ಲಿನ ತುದಿಯಲ್ಲಿ ನೂಲಿನೆಳೆಯಷ್ಟು ಸಣ್ಣಗೆ ಎದ್ದು ನಿಂತು, ತಲೆ ಆಡಿಸಿ, ನಮ್ಮ ಬಿಸಿ ಎಲ್ಲಿದೆ ಅಂತ ಹುಡುಕುವುದನ್ನು ನೋಡಬೇಕು. ಕಚ್ಚಿದ್ದು ಗೊತ್ತಾಗುವುದಿಲ್ಲ. ಕಾಲುಚೀಲ ತೆಗೆದಾಗ ದ್ರಾಕ್ಷಿಯಷ್ಟು ಉಬ್ಬಿದ ಮೂರು ಉದುರಿದವು. ಶೂವಿಗೆ ದಾರ ಕಟ್ಟಿಕೊಂಡು, ನಂಟರ ಮದುವೆಗೆ ಕುಂಟುತ್ತಾ ಬಂದವನ ಹಾಗೆ ಇಳಿದು ಬಂದೆ. ಮೇಲೆ ನೋಡಿದ್ದೇನು ಅಂತ ಕೇಳಿದರೆ ಹೇಳಲಾರೆ. ನನ್ನ ಕಣ್ಣೆಲ್ಲ ಕಾಲಿನ ಮೇಲೇ ಇತ್ತು.

"ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು," ಎಂದ ತಿಮ್ಮಣ್ಣ. ಆ ಸಂಜೆಯ ಅವನ ಮೊದಲ ಮಾತು ಅದು.

ಮೇಷ್ಟ್ರು ಹಳಿ ತಪ್ಪಿದ ರೈಲನ್ನು ಮತ್ತೆ ಎತ್ತಿ ಕೂರಿಸಿದರು. "ನಾಗಣ್ಣ, ನಡೆದರೆ ಏನಾಗುತ್ತೆ ಅಂತ ಕೇಳುತ್ತೀಯಲ್ಲ. ಚಿಪ್ಕೋ ಚಳವಳಿಯ ಸುಂದರ್‌ಲಾಲ್ ಬಹುಗುಣ 1981ರಿಂದ 83ರವರೆಗೆ ಕಾಶ್ಮೀರದಿಂದ ಕೊಹಿಮಾ ತನಕ ನಡೆದರು. ಹತ್ತಿರ ಹತ್ತಿರ 4,800 ಕಿಲೋಮೀಟರ್. 83ರಲ್ಲೇ ಶಿರಸಿ ಕಡೆ ಸಲ್ಕಣಿಯಲ್ಲಿ ಜನ ಕಡಿಯಬೇಡಿ ಅಂತ ಮರ ಅಪ್ಪಿಕೊಂಡರು. 87ರ ನವೆಂಬರ್ 1ಕ್ಕೆ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಿತು. ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ. ನೂರು ದಿನದ ಹತ್ತಿರ ನಡೆದು ಗೋವಾದಲ್ಲಿ ಸೇರಿದರು. ಯಾರ ಬ್ರಷ್ಷೂ ಅರ್ಧ ಆಗಿರಲಿಲ್ಲ."

"ಅವರಿಗೆ ಸಂಬಳ ಇತ್ತಾ?"

"ಇರಲಿಲ್ಲ."

"ನನ್ನ ಪ್ರಶ್ನೆ ಅಲ್ಲೇ ಇದೆ," ಎಂದ ನಾಗಣ್ಣ. ಅವನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ಕೂಡುವವರೆಗೆ ಲೆಡ್ಜರ್ ಮುಚ್ಚುವ ಜಾತಿಯಲ್ಲ.

"ಕುದುರೆಮುಖ ನೋಡು," ಎಂದರು ಮೇಷ್ಟ್ರು. "ಗಣಿ ನಿಲ್ಲಿಸಿ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2005ರ ಕೊನೆಗೆ ನಿಂತಿತು. ಭದ್ರೆಗೆ ಎಷ್ಟು ಮಣ್ಣು ಹರಿಯುತ್ತಿದೆ ಅನ್ನುವುದು ಅಲ್ಲಿ ದೊಡ್ಡ ಮಾತಾಗಿತ್ತು. ಸುಮ್ನೆ ಅಯ್ಯೋ ಬೆಟ್ಟ ಅಂತ ಅತ್ತರೆ ಕೋರ್ಟು ಕೇಳುತ್ತದಾ? ಯಾರೋ ಹೊಳೆ ದಂಡೆಗೆ ಹೋಗಿ ನೋಡಿದ್ದರು, ನೀರು ಹಿಡಿದು ಅಳೆದಿದ್ದರು."

ನನಗೆ ಈ ಹುಡುಗನ ಮೇಲೆ ಇನ್ನೂ ಅನುಮಾನ ಇತ್ತು. ಈಚೆಗೆ ಬೆಟ್ಟ ಹತ್ತುವವರೆಲ್ಲ ಪರಿಸರಪ್ರೇಮಿಗಳೇ. ಮೊಬೈಲ್ ಕಂಬಿ ಎತ್ತಿ ಹಿಡಿದು, ಮೋಡದ ಮುಂದೆ ಕೈ ಚಾಚಿ, ಪ್ರಕೃತಿಯೇ ದೇವರು ಅಂತ ಬರೆದು, ಚಿಪ್ಸ್ ಪ್ಯಾಕೆಟ್ಟನ್ನು ದೇವರ ಪಾದಕ್ಕೇ ಹಾಕಿ ಬರುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ರಜೆಗೆ ಎಷ್ಟು ಜನ ನುಗ್ಗಿದರೆಂದರೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೆಲ್ಲ ಸರ್ಕಾರ ಕೆಲವು ಕಾಲ ನಿಲ್ಲಿಸಬೇಕಾಯಿತು. ಬೆಟ್ಟಕ್ಕೆ ಇವರಿಂದಲೇ ಕಾವಲು ಬೇಕು. ಅದನ್ನೇ ಹೇಳಿದೆ.

ಹುಡುಗ ಕೋಪ ಮಾಡಿಕೊಳ್ಳಲಿಲ್ಲ. "ನಿಜ ಅಂಕಲ್. ಒಂದು ದಿನಕ್ಕೆ ಹೋಗಿ ಬಂದರೆ ವ್ಯೂ ಮಾತ್ರ ಕಾಣುತ್ತದೆ. ನಾನೂ ಹಾಗೇ ಇದ್ದೆ. ಆರು ದಿನ ನಡೆದ ಮೇಲೆ ನೀರು ಎಲ್ಲಿದೆ ಅನ್ನುವುದೊಂದೇ ತಲೆಯಲ್ಲಿ ಇರುತ್ತದೆ."

ಅವನ ಯೋಜನೆ ಬಿಸಿಲೆಯಿಂದ ಶೃಂಗೇರಿಗೆ. ರಕ್ಷಿತ ಕಾಡಿನೊಳಗೆ ಅನುಮತಿ ಇಲ್ಲದೆ ಕಾಲಿಡುವುದಿಲ್ಲ, ಊರ ರಸ್ತೆ ಮತ್ತು ತೋಟದ ದಾರಿಯಲ್ಲೇ ಹೋಗುತ್ತಾನಂತೆ. ಹೊರಡುವುದು ಮಂಕನಹಳ್ಳಿಯ ರಿಡ್ಜ್ ಕಲ್ಲಿನಿಂದ. ಆ ಕಲ್ಲಿನ ಈಚೆಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಚೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿ ಹಿಡಿದು ಅರಬ್ಬೀ ಸಮುದ್ರಕ್ಕೆ. ಅಮೆರಿಕದವರು ಇಂಥದೇ ನೀರು ಒಡೆಯುವ ಗೆರೆ ಹಿಡಿದು ಸುಮಾರು 5,000 ಕಿಲೋಮೀಟರ್ ದಾರಿ ಮಾಡಿಕೊಂಡಿದ್ದಾರೆ. ನಾವು ಕಲ್ಲಿನ ಹತ್ತಿರ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಂಡು ಬರುತ್ತೇವೆ.

"ರಾತ್ರಿ ಎಲ್ಲಿ ಮಲಗುತ್ತೀ?" ಎಂದ ತಿಮ್ಮಣ್ಣ. ಎರಡನೇ ಮಾತು.

"ಟೆಂಟ್ ಇದೆಯಲ್ಲ."

ತಿಮ್ಮಣ್ಣ ಎದ್ದು ಹೊರಗೆ ಹೋಗಿ ಉಗಿದು ಬಂದ. ಅಂದರೆ ವಿಷಯ ಗಂಭೀರ. "ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲೆಲ್ಲ ಆನೆ. ಟೆಂಟ್ ಬೇಡ. ಊರಲ್ಲಿ ಯಾರದಾದರೂ ಜಗಲಿ ಕೇಳು. ಸಂಜೆ ಐದರ ಒಳಗೆ ಸೇರಿಕೋ."

980 ಗ್ರಾಂ ಉಳಿಯಿತು. ಹುಡುಗ ಪುಸ್ತಕದಲ್ಲಿ ಟೆಂಟ್ ಹೊಡೆದು ಹಾಕಿದ. ಬ್ರಷ್ಷಿನ ಹಿಡಿಯ ಹೆಮ್ಮೆ ಅಲ್ಲಿಗೆ ಇಳಿಯಿತು.

"ನೀನು ದಿನಕ್ಕೆ ಎಷ್ಟು ನಡೆಯುತ್ತಿದ್ದೆ ತಿಮ್ಮಣ್ಣ?" ಎಂದು ಕೇಳಿದರು ಮೇಷ್ಟ್ರು.

"ಮಳೆಗಾಲದಲ್ಲಿ ಹತ್ತು ಕಿಲೋಮೀಟರ್. ಬೇಸಿಗೆಯಲ್ಲಿ ಬೆಂಕಿ ಕಾಯುವಾಗ ಹದಿನೈದು ಆಗುತ್ತಿತ್ತು."

ಸಾವುಕಾರರು ಕ್ಯಾಲ್ಕುಲೇಟರ್ ಎಳೆದುಕೊಂಡರು. ಗುಂಡಿಗಳ ಸಂದಿಯಲ್ಲೆಲ್ಲ ಕಾಫಿಪುಡಿ. ದಿನಕ್ಕೆ 12, ವರ್ಷಕ್ಕೆ 250 ದಿನ, ಮೂವತ್ತು ವರ್ಷ. 90,000 ಕಿಲೋಮೀಟರ್. ನಾಗಣ್ಣ ನಂಬದೆ ಇನ್ನೊಂದು ಸಲ ಒತ್ತಿಸಿದ. ಅಷ್ಟೇ ಬಂತು.

"ಭೂಮಿಯ ಸುತ್ತಳತೆ 40,000," ಎಂದರು ಮೇಷ್ಟ್ರು ಮೆಲ್ಲಗೆ. "ಎರಡು ಸುತ್ತು ಹಾಕಿ ಮೇಲೆ ಇನ್ನೂ ಹತ್ತು ಸಾವಿರ."

"ಅಜ್ಜಿಯ ದಾರಿ ಇಪ್ಪತ್ತೈದು ಸಲ," ಎಂದ ಹುಡುಗ.

ತಿಮ್ಮಣ್ಣನಿಗೆ ನಾಚಿಕೆಯಾಯಿತು. "ನಾನು ಎಲ್ಲಿಗೂ ಹೋಗಿಲ್ಲಪ್ಪ. ಅದೇ ಮೂರು ಬೆಟ್ಟ."

ಆಮೇಲೆ, ಎಲೆಗೆ ಸುಣ್ಣ ಹುಡುಕುತ್ತಾ, ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ ಶುರು ಮಾಡಿದ. ಎರಡನೇ ಬೆಟ್ಟದ ಪಕ್ಕದಲ್ಲಿ ಒಂದು ಶೋಲಾ, ಅಂದರೆ ಕಣಿವೆಯ ಸಂದಿಯ ದಟ್ಟ ಕಾಡು. ಒಳಗೆ ಹಳ್ಳ. ಅವನು ಕೆಲಸಕ್ಕೆ ಸೇರಿದಾಗ ಯುಗಾದಿ ಆದ ಮೇಲೂ ಅಲ್ಲಿ ಬಾಟಲಿ ತುಂಬಿಸಬಹುದಿತ್ತು. ಮೇಲೆ ರಸ್ತೆ ಅಗಲ ಮಾಡುವಾಗ ಮಣ್ಣನ್ನು ಕಣಿವೆಯ ಬಾಯಿಗೆ ದೂಡಿದರು. ಮೊದಲ ವರ್ಷ ನೀರು ಕೆಂಪಾಯಿತು. ಮೂರನೇ ವರ್ಷ ಶಿವರಾತ್ರಿಗೆ ಕಲ್ಲು ಕಂಡಿತು. ಈಗ ಸಂಕ್ರಾಂತಿಗೇ ಬರೀ ಒದ್ದೆ. ಕಪ್ಪೆ ಕೂಗುವುದೂ ನಿಂತಿತು.

"ಯಾರಿಗಾದರೂ ಹೇಳಿದ್ದೆಯಾ?" ಎಂದೆ.

"ಯಾರು ಕೇಳಿದರು?"

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಹುಡುಗ ತೂಕದ ಪಟ್ಟಿಯ ಹಾಳೆ ಮಗುಚಿ ಹೊಸ ಪುಟ ತೆಗೆದ. "ಯಾವ ವರ್ಷ ಕೆಂಪಾಯಿತು ಅಂದಿರಿ? ಆ ಜಾಗಕ್ಕೆ ಹೋಗುವುದಕ್ಕೆ ಯಾರ ಹತ್ತಿರ ಅನುಮತಿ ಕೇಳಬೇಕು?"

ತಿಮ್ಮಣ್ಣ ಹೇಳುತ್ತಾ ಹೋದ. ಹುಡುಗ ಬರೆಯುತ್ತಾ ಹೋದ. ಸಾವುಕಾರರು ಯಾರೂ ಕೇಳದೆ ಐದು ಕಾಫಿ ತರಿಸಿದರು. ಇಪ್ಪತ್ತು ವರ್ಷದಲ್ಲಿ ಇದು ಎರಡನೇ ಸಲ. ಮೊದಲನೆಯದು ಅವರ ಮಗಳ ಮದುವೆ.

ಕಾಫಿ ಮುಗಿಯುವವರೆಗೂ ನಾಗಣ್ಣ ಏನೂ ಅನ್ನಲಿಲ್ಲ. ಕಡೆಗೆ ಕೇಳಿದ: "ತಿಮ್ಮಣ್ಣ, ಇವನು ಆ ಕಡೆ ಬರುವುದಾದರೆ ಎರಡು ದಿನ ನೀನೂ ಜೊತೆಗೆ ಹೋಗುತ್ತೀಯಾ? ಬಸ್ ಚಾರ್ಜು ನಾನು ಕೊಡುತ್ತೇನೆ."

"ಬಸ್ ಯಾಕೆ?" ಎಂದ ತಿಮ್ಮಣ್ಣ.

ಸುಣ್ಣದ ಡಬ್ಬಿಯ ತಳ ಬೆರಳಿಗೆ ಎಟುಕುತ್ತಿರಲಿಲ್ಲ. ಅವನು ಅತ್ತಿತ್ತ ನೋಡಿದ. ತಕ್ಕಡಿಯ ಮೇಲೆ ಬ್ರಷ್ಷಿನ ಹಿಡಿ ಇನ್ನೂ ಹಾಗೇ ಇತ್ತು, 6 ಗ್ರಾಂ ತೋರಿಸುತ್ತಾ. ಅದನ್ನು ತೆಗೆದುಕೊಂಡು, ಅಂಗಿಗೆ ಒರೆಸಿ, ಸುಣ್ಣ ಕೆರೆದು ಎಲೆಗೆ ಸವರಿದ.

"ಇದು ಚೆನ್ನಾಗಿದೆ," ಎಂದು ಜೇಬಿಗೆ ಹಾಕಿಕೊಂಡ.

"ಅದು ನನ್ನ ಬ್ರಷ್ಷು," ಎಂದ ನಾಗಣ್ಣ.