ಅಪ್‌ಡೇಟ್: ಕೊನೆಗೂ ಶೆಫೀಲ್ಡ್‌ಗೇ ಬಂದೆವು

ಹೋದ ವರ್ಷ ಕೇಳಿದ್ದೆ: ಕೆಲಸ ಮನೆಯಿಂದಲೇ, ತಿಂಗಳಿಗೆ ಎರಡು ಸಲ ಲಂಡನ್ ಆಫೀಸು, ಹಾಗಾದರೆ ಮನೆ ಮಾಡೋಕೆ ಯಾವ ಊರು ಒಳ್ಳೇದು, ರೀಡಿಂಗಾ, ಶೆಫೀಲ್ಡಾ, ಎಡಿನ್‌ಬರೋನಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ರೀಡಿಂಗ್ ಬಾಡಿಗೆ ಕೇಳಿಯೇ ಸುಮ್ಮನಾದೆವು. ಎಡಿನ್‌ಬರೋ ಚಂದದ ಊರು, ಆದರೆ ಲಂಡನ್‌ಗೆ ರೈಲಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ. ಇಲ್ಲಿಂದ ಸುಮಾರು ಎರಡೇ ಗಂಟೆ.

"ಅಲ್ಲಿ ಬರೀ ಏರು" ಅಂತ ಒಬ್ಬರು ಹೆದರಿಸಿದ್ದಿರಿ. ಸುಳ್ಳಲ್ಲ! ಮಗಳ ತಳ್ಳುಗಾಡಿ ದಬ್ಬಿಕೊಂಡು ಮನೆ ಮುಟ್ಟುವಷ್ಟರಲ್ಲಿ ಚಳಿಯಲ್ಲೂ ಬೆವರುತ್ತೇನೆ. ಆದರೆ ಊರಿನ ಸುಮಾರು ಮೂರನೇ ಒಂದು ಭಾಗ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗೇ ಇದೆ. 1951ರಲ್ಲಿ ಆದದ್ದು, ಬ್ರಿಟನ್ನಿನಲ್ಲಿ ಅದೇ ಮೊದಲನೆಯದು. ಭಾನುವಾರ ರೈಲು ಹತ್ತಿ ಹ್ಯಾದರ್‌ಸೇಜ್‌ನಲ್ಲಿ ಇಳಿದು ಸ್ಟ್ಯಾನೇಜ್ ಬಂಡೆಸಾಲಿಗೆ ನಡೆದೆವು. ಬಂಡೆ ಕೆಳಗೆ ಹುಲ್ಲಿನಲ್ಲಿ ಹಳೇ ಬೀಸುವ ಕಲ್ಲುಗಳು ಬಿದ್ದಿವೆ. ಕಡೆದು, ಸಾಗಿಸದೆ ಹಾಗೇ ಬಿಟ್ಟವು. ಅಜ್ಜಿ ಮನೆಯ ರಾಗಿಕಲ್ಲು ನೆನಪಾಯಿತು. ಗಾತ್ರ ಮಾತ್ರ ಗಾಡಿ ಚಕ್ರದಷ್ಟು.

ಬಸ್ ಡ್ರೈವರ್ ನನ್ನನ್ನು "ಲವ್" ಅಂದಾಗ ಮೊದಲ ದಿನ ಬೆಚ್ಚಿಬಿದ್ದೆ. ಇಲ್ಲಿ ಎಲ್ಲರಿಗೂ ಹಾಗೇ ಅಂತಾರೆ, ನಮ್ಮ ಕಡೆ "ಅಣ್ಣಾ" ಅಂದ ಹಾಗೆ. ಇಳಿಯುವಾಗ ಎಲ್ಲರೂ ಅವನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಈಗ ನಾನೂ.

ಒಂದೇ ತಾಪತ್ರಯ. ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆ. ಮನೆ ಮಾಲೀಕರು "ಕಿಟಕಿ ತೆಗೆದಿಡಿ" ಅನ್ನುತ್ತಾರೆ. ಜನವರಿಯಲ್ಲಿ! ಇದಕ್ಕೆ ಯಾರಾದರೂ ಉಪಾಯ ಹೇಳ್ತೀರಾ?